ಸೈಲೆನ್ಸರ್ ಬದಲಿಸಿದರೆ ಗಾಡಿ ಜೋರು ಓಡ್ತದಾ? ಟರ್ಬೋ ಎಂಜಿನ್ನಿನ ಉಸಿರಾಟದ ಪಾಠ



ಹತ್ತನೇ ತರಗತಿಯಲ್ಲಿ ದಹನ ಕ್ರಿಯೆಯ ಪಾಠ ಮುಗಿಸಿ ಹಲಗೆ ಒರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ನಮ್ಮಣ್ಣ ಕಾರಿಗೆ ದೊಡ್ಡ ಪೈಪ್ ಹಾಕಸ್ತಾನಂತ್ರಿ. ಏರ್ ಫಿಲ್ಟರೂ ಬೇರೆ ಹಾಕಸ್ತಾನಂತ. ಹಾಕಿದ್ರ ಪಿಕಪ್ ಜಾಸ್ತಿ ಆಗ್ತದೇನ್ರಿ?"

ಅವನ ಅಣ್ಣ ಸೆಕೆಂಡ್ ಹ್ಯಾಂಡ್ ಟರ್ಬೋ ಡೀಸೆಲ್ ಕಾರು ಕೊಂಡಿದ್ದಾನೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಅಂತ ಬಾಡಿಗೆಗೆ ಓಡಿಸುತ್ತಾನೆ. ಪೈಪು ಮತ್ತು ಫಿಲ್ಟರಿಗೆ ಸೇರಿ ನಲವತ್ತು ಸಾವಿರ ಆಗುತ್ತದಂತೆ. ಹತ್ತಿ ಮಾರಿದ ದುಡ್ಡಿನಲ್ಲಿ ಕೊಡುವುದಾಗಿ ಅಪ್ಪ ಒಪ್ಪಿದ್ದಾರೆ. ತರಗತಿಯಲ್ಲಿ ಅರ್ಧ ಜನ "ಜೋರು ಓಡ್ತದ" ಅಂದರು, ಉಳಿದವರು "ಬರೀ ಸೌಂಡ್" ಅಂದರು. ನಾನು ತಕ್ಷಣ ಉತ್ತರ ಹೇಳಲಿಲ್ಲ. "ನಾಳೆ ಲೆಕ್ಕ ಮಾಡಿ ನೋಡೋಣ" ಅಂದೆ. ಆ ಲೆಕ್ಕವೇ ಈ ಪಾಠ. ನೀವೂ ಪೆನ್ನು, ಪುಸ್ತಕ ಹಿಡಿದು ಕೂತುಕೊಳ್ಳಿ.

1. ಎಂಜಿನ್ ಎಷ್ಟು ಉಸಿರಾಡುತ್ತದೆ?

ಕಾರು ಡೀಸೆಲ್‌ನಿಂದ ಓಡುತ್ತದೆ ಅನ್ನುತ್ತೇವೆ. ಅದು ಅರ್ಧ ಮಾತು. ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಅಂದರೆ ತೂಕದ ಲೆಕ್ಕದಲ್ಲಿ ಎಂಜಿನ್ ತಿನ್ನುವುದಕ್ಕಿಂತ ಉಸಿರಾಡುವುದೇ ಜಾಸ್ತಿ.

ಈಗ ಅಣ್ಣನ ಕಾರಿನ ಲೆಕ್ಕ. ಎಂಜಿನ್ ಗಾತ್ರ 1.5 ಲೀಟರ್, ವೇಗ ನಿಮಿಷಕ್ಕೆ 3000 ಸುತ್ತು ಅಂತ ಇಟ್ಟುಕೊಳ್ಳೋಣ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುತ್ತದೆ. ಹಾಗಾಗಿ,

3000 ÷ 2 × 1.5 = 2250 ಲೀಟರ್.

ಒಂದು ನಿಮಿಷಕ್ಕೆ 2250 ಲೀಟರ್ ಗಾಳಿ! ಸುಮ್ಮನೆ ಕೂತಿರುವ ಮನುಷ್ಯ ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿ ಉಸಿರಾಡುತ್ತಾನೆ. ಅಂದರೆ 375 ಜನರ ಉಸಿರು ಈ ಒಂದು ಕಾರಿಗೆ. ನಮ್ಮ ಶಾಲೆಯ ಪ್ರಾರ್ಥನೆಗೆ ಅಷ್ಟು ಮಕ್ಕಳು ಸೇರುವುದಿಲ್ಲ.

ಆ ಗಾಳಿಯ ತೂಕ ಎಷ್ಟು? ನಮ್ಮ ಬೇಸಿಗೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕಿಲೋಗ್ರಾಂ ತೂಗುತ್ತದೆ. 2250 ಲೀಟರ್ ಅಂದರೆ 2.25 ಘನ ಮೀಟರ್. ಗುಣಿಸಿದರೆ ಸುಮಾರು 2.5 ಕಿಲೋಗ್ರಾಂ. ಶಕ್ತಿ ಹೆಚ್ಚಿಸಬೇಕಾದರೆ ಈ 2.5 ಕಿಲೋಗ್ರಾಂ ಅನ್ನು ಹೆಚ್ಚಿಸಬೇಕು, ಜೊತೆಗೆ ಅದಕ್ಕೆ ತಕ್ಕಷ್ಟು ಡೀಸೆಲ್ ಕೊಡಬೇಕು. "ಜೊತೆಗೆ" ಅನ್ನುವ ಪದದ ಕೆಳಗೆ ಒಂದು ಗೆರೆ ಎಳೆಯಿರಿ. ಮುಂದೆ ಬೇಕಾಗುತ್ತದೆ.

2. ಜುರಾಲಾ ಡ್ಯಾಮ್ ಮತ್ತು ಟರ್ಬೋ

ಗದ್ವಾಲ ಹತ್ತಿರ ಕೃಷ್ಣಾ ನದಿಗೆ ಕಟ್ಟಿದ ಜುರಾಲಾ ಅಣೆಕಟ್ಟು ನೋಡಿದ್ದೀರಿ. ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ 39 ಮೆಗಾವಾಟ್‌ನ ಆರು ಘಟಕಗಳಿವೆ, ಒಟ್ಟು 234 ಮೆಗಾವಾಟ್. ಹರಿಯುವ ನೀರು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಚಕ್ರಕ್ಕೆ ಜೋಡಿಸಿದ ಜನರೇಟರ್ ವಿದ್ಯುತ್ ಕೊಡುತ್ತದೆ.

ಟರ್ಬೋ ಅನ್ನುವ ಹೆಸರು ಬಂದಿರುವುದೂ ಟರ್ಬೈನ್‌ನಿಂದಲೇ. ವ್ಯತ್ಯಾಸ ಇಷ್ಟೆ: ಇಲ್ಲಿ ನೀರಿನ ಬದಲು ಎಂಜಿನ್ನಿನ ಬಿಸಿ ಹೊಗೆ ಚಕ್ರ ತಿರುಗಿಸುತ್ತದೆ. ಇಂಧನದಲ್ಲಿರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯ ಶಾಖವಾಗಿ ಹೊರಗೆ ಹೋಗಿಬಿಡುತ್ತದೆ. ಹಾಗೆ ವ್ಯರ್ಥವಾಗುವುದರಲ್ಲಿ ಸ್ವಲ್ಪವನ್ನಾದರೂ ಹಿಡಿದು ಕೆಲಸಕ್ಕೆ ಹಚ್ಚೋಣ ಅಂತ ಯೋಚಿಸಿದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ. 1905ರಲ್ಲಿ ಅವರು ಪೇಟೆಂಟ್ ಪಡೆದರು.

ಟರ್ಬೋದಲ್ಲಿ ಒಂದೇ ದಂಡಕ್ಕೆ ಎರಡು ಚಕ್ರ. ಜಾತ್ರೆಯಲ್ಲಿ ಸಿಗುವ ಗಿರಗಿಟ್ಲೆ ನೆನಪು ಮಾಡಿಕೊಳ್ಳಿ. ಒಂದೇ ಕಡ್ಡಿಯ ಎರಡು ತುದಿಗೆ ಎರಡು ಗಿರಗಿಟ್ಲೆ ಬಿಗಿಯಾಗಿ ಅಂಟಿಸಿದರೆ, ಒಂದಕ್ಕೆ ಊದಿದಾಗ ಇನ್ನೊಂದೂ ತಿರುಗುತ್ತದೆ. ಹಾಗೆಯೇ ಹೊಗೆಯ ಕಡೆಯ ಚಕ್ರ ತಿರುಗಿದರೆ ಗಾಳಿಯ ಕಡೆಯ ಚಕ್ರವೂ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ವೇಗ ಎಷ್ಟು ಗೊತ್ತೇನ್ರಿ? ನಿಮಿಷಕ್ಕೆ ಒಂದು ಲಕ್ಷದಿಂದ ಎರಡು ಲಕ್ಷ ಸುತ್ತು! ಮನೆಯ ಫ್ಯಾನು ತಿರುಗುವುದು ನಿಮಿಷಕ್ಕೆ ಮುನ್ನೂರು, ನಾನೂರು ಸುತ್ತು.

ಜುರಾಲಾದಿಂದ ಇನ್ನೊಂದು ಮಾತು ಕಲಿಯೋಣ. ಕೃಷ್ಣೆಗೆ ದೊಡ್ಡ ಪ್ರವಾಹ ಬಂದಾಗ ಅಲ್ಲಿ ವಿದ್ಯುತ್ ಉತ್ಪಾದನೆ ನಿಲ್ಲಿಸಿದ ಸುದ್ದಿ ಓದಿರಬಹುದು. ನೀರು ಜಾಸ್ತಿ ಬಂದರೆ ವಿದ್ಯುತ್ತೂ ಜಾಸ್ತಿ ಬರಬೇಕಲ್ಲ, ಯಾಕೆ ನಿಲ್ಲಿಸುತ್ತಾರೆ? ಟರ್ಬೈನ್ ತಿರುಗುವುದು ಬರೀ ನೀರಿನಿಂದಲ್ಲ, ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ಮಟ್ಟದ ವ್ಯತ್ಯಾಸದಿಂದ. ಪ್ರವಾಹದಲ್ಲಿ ಡ್ಯಾಮಿನ ಕೆಳಗಡೆಯೂ ನೀರು ಏರಿಬಿಡುತ್ತದೆ. ವ್ಯತ್ಯಾಸ ಕಡಿಮೆಯಾಗುತ್ತದೆ, ಚಕ್ರಕ್ಕೆ ಜೋರು ಸಾಲುವುದಿಲ್ಲ.

ಟರ್ಬೋಗೂ ಇದೇ ನಿಯಮ. ಚಕ್ರದ ಮುಂದೆ ಹೊಗೆಯ ಒತ್ತಡ ಹೆಚ್ಚು, ಚಕ್ರದ ಆಚೆ ಪೈಪಿನಲ್ಲಿ ಒತ್ತಡ ಕಡಿಮೆ ಇರಬೇಕು. ಆಚೆ ಕಡೆ ಒತ್ತಡ ಏರಿದರೆ ಟರ್ಬೋ ಸೋಮಾರಿಯಾಗುತ್ತದೆ. ದೊಡ್ಡ ಪೈಪು ಹಾಕುವವರ ವಾದ ಇದೇ: "ಪೈಪು ಅಗಲ ಆದರೆ ಆಚೆಯ ಒತ್ತಡ ಇಳಿಯುತ್ತದೆ, ಟರ್ಬೋ ಬೇಗ ತಿರುಗುತ್ತದೆ." ಇದು ಸುಳ್ಳಲ್ಲ. ವಿಜ್ಞಾನದ ಪ್ರಕಾರ ಸರಿಯಾದ ಮಾತೇ. ಹಾಗಾದರೆ ತೊಂದರೆ ಎಲ್ಲಿದೆ?

3. ಲಗಾಮು ಯಾರ ಕೈಯಲ್ಲಿ?

ಟರ್ಬೋ ಹೆಚ್ಚು ಒತ್ತಿದಷ್ಟೂ ಒಳ್ಳೆಯದಲ್ಲ. ಒತ್ತಡ ಮಿತಿ ಮೀರಿದರೆ ಪಿಸ್ಟನ್ ಒಡೆಯಬಹುದು. ಆದ್ದರಿಂದ ಇವತ್ತಿನ ಕಾರಿನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಒತ್ತಡ ನಿಗದಿಯ ಮಟ್ಟ ಮುಟ್ಟಿದ ಕೂಡಲೇ ಅದು ಟರ್ಬೋವನ್ನು ಹಿಡಿದು ನಿಲ್ಲಿಸುತ್ತದೆ. ಅನೇಕ ಗಾಡಿಗಳಲ್ಲಿ ಇದಕ್ಕಾಗಿ ವೇಸ್ಟ್‌ಗೇಟ್ ಎನ್ನುವ ಸಣ್ಣ ಬಾಗಿಲಿದೆ. ಅದು ತೆರೆದಾಗ ಸ್ವಲ್ಪ ಹೊಗೆ ಚಕ್ರವನ್ನು ಮುಟ್ಟದೆ ಪಕ್ಕದಿಂದ ಹೋಗಿಬಿಡುತ್ತದೆ. ಡ್ಯಾಮಿನ ಗೇಟು ಎತ್ತಿದ ಹಾಗೆ.

ಈಗ ಯೋಚಿಸಿ. ಅಣ್ಣ ದೊಡ್ಡ ಪೈಪು ಹಾಕಿಸಿದ. ಟರ್ಬೋ ಸ್ವಲ್ಪ ಬೇಗ ತಿರುಗಲು ಶುರುವಾಯಿತು. ಆದರೆ ನಿಗದಿಯ ಒತ್ತಡ ಬಂದಾಗ ಕಂಪ್ಯೂಟರ್ "ಸಾಕು" ಅನ್ನುತ್ತದೆ. ಡೀಸೆಲ್ ಎಷ್ಟು ಸಿಂಪಡಿಸಬೇಕು ಅನ್ನುವುದೂ ಅದರ ಕೈಯಲ್ಲೇ. "ಜೊತೆಗೆ" ಅಂತ ಗೆರೆ ಎಳೆದಿದ್ದಿರಲ್ಲ? ಡೀಸೆಲ್ ಹೆಚ್ಚಾಗದೆ ಬರೀ ಗಾಳಿ ಹೆಚ್ಚಾದರೆ ಡೀಸೆಲ್ ಎಂಜಿನ್ನಿನ ಶಕ್ತಿ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಸಣ್ಣ ಕಾರಿಗೆ ಕಂಪನಿಯವರು ಅದರ ಹೊಗೆಗೆ ತಕ್ಕ ಅಗಲದ ಪೈಪನ್ನೇ ಹಾಕಿರುತ್ತಾರೆ. ಹಾಗಾಗಿ ಪೈಪಿನಿಂದ ಸಿಗುವ ಲಾಭ ಬಹಳ ಕಡಿಮೆ.

"ಹಂಗಾದ್ರ ಕಂಪ್ಯೂಟರೂ ಬದಲಿಸಿದ್ರ ಆತಲ್ರಿ?" ಅಂತ ಹುಡುಗ ಕೇಳಿದ. ಜಾಣ ಪ್ರಶ್ನೆ. ಹಾಗೂ ಮಾಡುತ್ತಾರೆ. ಸಾಫ್ಟ್‌ವೇರ್ ತಿದ್ದಿ ಒತ್ತಡ ಮತ್ತು ಡೀಸೆಲ್ ಎರಡನ್ನೂ ಏರಿಸುತ್ತಾರೆ. ಆಗ ಶಕ್ತಿ ನಿಜವಾಗಿಯೂ ಹೆಚ್ಚುತ್ತದೆ. ಆದರೆ ಹೊಗೆಯ ತಾಪವೂ ಏರುತ್ತದೆ. ಪೂರ್ತಿ ಭಾರ ಎಳೆಯುವಾಗ ಡೀಸೆಲ್ ಎಂಜಿನ್ನಿನ ಹೊಗೆ ಮೊದಲೇ 700 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಅದಕ್ಕಿಂತ ಏರಿದರೆ ಟರ್ಬೋ, ಪಿಸ್ಟನ್ ಎರಡಕ್ಕೂ ಕುತ್ತು. ಕ್ಲಚ್ಚು, ಗೇರುಗಳ ಮೇಲೂ ಹೆಚ್ಚು ಬಲ ಬೀಳುತ್ತದೆ. ಸಾಲದಿದ್ದಕ್ಕೆ ಗಾಳಿ ಸಾಲದೆ ಡೀಸೆಲ್ ಅರೆಬೆಂದು ಕಪ್ಪು ಹೊಗೆ ಉಗುಳುತ್ತದೆ. ಆ ಮಸಿ ಎಂದರೆ ಉರಿಯದೆ ಉಳಿದ ಇಂಗಾಲ, ಅಂದರೆ ನಿಮ್ಮಪ್ಪ ದುಡ್ಡು ಕೊಟ್ಟು ಕೊಂಡ ಡೀಸೆಲ್.

4. ಬಿಸಿಲಿನ ಊರಿನ ಏರ್ ಫಿಲ್ಟರ್

ಈಗ ಗಾಳಿ ಒಳಗೆ ಬರುವ ದಾರಿ ನೋಡೋಣ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಬಿಸಿ ಗಾಳಿ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಕಡಿಮೆ ಗಾಳಿ ಹಿಡಿಯುತ್ತದೆ.

ಮಾಡಿ ನೋಡಿ: ಖಾಲಿ ಗಾಜಿನ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ (ನೀರು ಕುದಿಯುತ್ತಿರಬಾರದು, ದೊಡ್ಡವರು ಜೊತೆಗಿರಲಿ). ಬಲೂನು ಎದ್ದು ನಿಲ್ಲುತ್ತದೆ. ಬಾಟಲಿ ತಣ್ಣಗಾದ ಮೇಲೆ ಮಡಕೆಯ ತಣ್ಣೀರಿನಲ್ಲಿ ಇಡಿ, ಬಲೂನು ಕುಗ್ಗುತ್ತದೆ. ಒಳಗಿನ ಗಾಳಿಯ ತೂಕ ಬದಲಾಗಲಿಲ್ಲ, ಅದು ಹಿಡಿಯುವ ಜಾಗ ಬದಲಾಯಿತು.

ಮೇ ತಿಂಗಳ ಮಕ್ತಲ್. ಹೊರಗೆ 40 ಡಿಗ್ರಿ. ಕೆಲ್ವಿನ್ ಲೆಕ್ಕದಲ್ಲಿ 273 ಸೇರಿಸಿದರೆ 313. ಟರ್ಬೋ ಈ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡಿತು ಅನ್ನಿ. ಗಾಳಿಯ ತಾಪ ಸುಮಾರು 137 ಡಿಗ್ರಿಗೆ, ಅಂದರೆ 410 ಕೆಲ್ವಿನ್‌ಗೆ ಏರುತ್ತದೆ. ಸಾಂದ್ರತೆ ಎಷ್ಟು ಪಟ್ಟು ಹೆಚ್ಚಿತು?

2 × 313 ÷ 410 = 1.53 ಪಟ್ಟು.

ಒತ್ತಡ ಎರಡು ಪಟ್ಟಾದರೂ ಗಾಳಿ ಒಂದೂವರೆ ಪಟ್ಟು ಮಾತ್ರ! ಅದಕ್ಕೇ ಟರ್ಬೋ ಗಾಡಿಯಲ್ಲಿ ಇಂಟರ್‌ಕೂಲರ್ ಇರುತ್ತದೆ. ನೋಡಲು ರೇಡಿಯೇಟರ್ ಹಾಗೆ, ಆದರೆ ತಣಿಸುವುದು ಗಾಳಿಯನ್ನು. ಗಾಳಿ 60 ಡಿಗ್ರಿಗೆ (333 ಕೆಲ್ವಿನ್) ಇಳಿದರೆ,

2 × 313 ÷ 333 = 1.88 ಪಟ್ಟು.

ತಣ್ಣನೆ ಗಾಳಿಯ ಬೆಲೆ ಈಗ ತಿಳಿಯಿತಲ್ಲ? ಇನ್ನು ಅಣ್ಣ ಹಾಕಿಸಬೇಕೆಂದಿರುವ ಫಿಲ್ಟರ್. ಕಂಪನಿಯ ಫಿಲ್ಟರ್ ಮುಚ್ಚಿದ ಡಬ್ಬಿಯೊಳಗೆ ಕೂತು, ಬಾನೆಟ್ಟಿನ ಮುಂಭಾಗದಿಂದ ಹೊರಗಿನ ಗಾಳಿ ಎಳೆಯುತ್ತದೆ. ಅಂಗಡಿಯಲ್ಲಿ ಹೊಳೆಯುವ ಶಂಕುವಿನಾಕಾರದ ಫಿಲ್ಟರಿಗೆ ಡಬ್ಬಿ ಇರುವುದಿಲ್ಲ. ಅದು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಬಾನೆಟ್ಟಿನ ಒಳಗೆ 65 ಡಿಗ್ರಿ (338 ಕೆಲ್ವಿನ್) ಅಂತ ಇಟ್ಟುಕೊಂಡರೆ,

313 ÷ 338 = 0.926.

ಅಂದರೆ ಶೇಕಡಾ 7ಕ್ಕಿಂತ ಹೆಚ್ಚು ಗಾಳಿ ನಷ್ಟ. ಟರ್ಬೋ ಇನ್ನಷ್ಟು ಜೋರು ತಿರುಗಿ ಈ ಕೊರತೆ ತುಂಬಲು ನೋಡುತ್ತದೆ, ಆದರೆ ಅದಕ್ಕೆ ಶ್ರಮ ಹೆಚ್ಚು. ಗಾಳಿ ಎಳೆಯುವ "ಶ್ಶ್" ಸದ್ದು ಮಾತ್ರ ಚೆನ್ನಾಗಿ ಕೇಳುತ್ತದೆ. ಸದ್ದು ಕೇಳಿ ಪಿಕಪ್ ಬಂತು ಅಂತ ನಂಬುತ್ತೇವೆ. ಕಿವಿ ಅಳೆಯುವುದು ಶಬ್ದವನ್ನು, ಶಕ್ತಿಯನ್ನಲ್ಲ.

ನಮ್ಮ ಭಾಗದ ಇನ್ನೊಂದು ಸಂಗತಿ ಧೂಳು. ಎರೆಮಣ್ಣಿನ ರಸ್ತೆ, ಹತ್ತಿಯ ನಾರು, ಸುಗ್ಗಿಯ ಹೊಟ್ಟು. ಲಕ್ಷ ಸುತ್ತು ತಿರುಗುವ ಚಕ್ರಕ್ಕೆ ಮರಳಿನ ಕಣ ಬಡಿದರೆ ಅಂಚು ಸವೆಯುತ್ತದೆ. ಸಿಲಿಂಡರಿಗೆ ಹೋದರೆ ಗೋಡೆಗೆ ಗೀರು ಬೀಳುತ್ತದೆ. ಗಾಳಿ ಸಲೀಸಾಗಿ ಬಿಡುವ ಫಿಲ್ಟರ್ ಧೂಳನ್ನೂ ಸಲೀಸಾಗಿ ಬಿಟ್ಟರೆ ನಲವತ್ತು ಸಾವಿರದ ಜೊತೆಗೆ ಎಂಜಿನ್ ಕೆಲಸದ ಖರ್ಚೂ ಬರುತ್ತದೆ.

5. ಸೈಲೆನ್ಸರ್ ಒಳಗೆ ಏನಿದೆ?

ನಾಲ್ಕು ಸಿಲಿಂಡರಿನ ಎಂಜಿನ್ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸುತ್ತು, ಪ್ರತಿ ಸುತ್ತಿಗೆ ಎರಡು ಸಲ ಹೊಗೆ ಚಿಮ್ಮುತ್ತದೆ. ಸೆಕೆಂಡಿಗೆ 100 ಬಡಿತ, ಅಂದರೆ 100 ಹರ್ಟ್ಸ್ ಆವೃತ್ತಿ. ಒಂದೇ ಸಿಲಿಂಡರಿನ ಬುಲೆಟ್ಟಿನಲ್ಲಿ ಅದೇ ವೇಗಕ್ಕೆ 25 ಬಡಿತ. ಆದ್ದರಿಂದಲೇ ಅದರ ಸದ್ದು ಬಿಡಿ ಬಿಡಿಯಾಗಿ "ಡಗ್ ಡಗ್" ಅನ್ನುತ್ತದೆ.

ಸೈಲೆನ್ಸರಿನಲ್ಲಿ ತೂತಿನ ಕೊಳವೆಗಳು, ಸಣ್ಣ ಕೋಣೆಗಳು ಇರುತ್ತವೆ. ಶಬ್ದದ ಅಲೆ ಕೋಣೆಯ ಗೋಡೆಗೆ ಬಡಿದು ಹಿಂದಿರುಗಿ, ಮುಂದೆ ಬರುವ ಅಲೆಯನ್ನು ಎದುರುಗೊಳ್ಳುತ್ತದೆ. ಒಂದರ ಸಂಪೀಡನ ಇನ್ನೊಂದರ ವಿರಳನಕ್ಕೆ ಸರಿಯಾಗಿ ಸೇರಿದರೆ ಎರಡೂ ಒಂದನ್ನೊಂದು ಕಡಿಮೆ ಮಾಡುತ್ತವೆ. ಕೆಲವು ಸೈಲೆನ್ಸರಿನಲ್ಲಿ ನಾರಿನಂಥ ವಸ್ತು ತುಂಬಿ ಶಬ್ದವನ್ನು ಹೀರಿಸುತ್ತಾರೆ. ಟರ್ಬೋ ಚಕ್ರವೂ ಹೊಗೆಯ ಬಡಿತವನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ.

ಮಾಡಿ ನೋಡಿ: ಫೋನಿನಲ್ಲಿ ಅಲಾರಂ ಹಚ್ಚಿ ಖಾಲಿ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿ. ಇನ್ನೊಂದು ಸಲ ಡಬ್ಬಿಯ ಒಳಗೆ ಸುತ್ತಲೂ ಹತ್ತಿ ತುಂಬಿ ಇಡಿ. ಒಂದು ಮೀಟರ್ ದೂರ ನಿಂತು ಎರಡನ್ನೂ ಕೇಳಿ.

ಡೆಸಿಬೆಲ್ ಲೆಕ್ಕದಲ್ಲಿ ಎಚ್ಚರ ಬೇಕು. 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ತೀವ್ರತೆ 10 ಪಟ್ಟು, 20 ಹೆಚ್ಚಾದರೆ 100 ಪಟ್ಟು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂಬುದು ಕೆಲಸದ ಜಾಗಕ್ಕೆ ತಜ್ಞರು ಹಾಕಿದ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ:

88 ಡೆಸಿಬೆಲ್: 4 ಗಂಟೆ
91 ಡೆಸಿಬೆಲ್: 2 ಗಂಟೆ
94 ಡೆಸಿಬೆಲ್: 1 ಗಂಟೆ
97 ಡೆಸಿಬೆಲ್: ಅರ್ಧ ಗಂಟೆ
100 ಡೆಸಿಬೆಲ್: 15 ನಿಮಿಷ

ಒಳಗಿವಿಯ ಸೂಕ್ಷ್ಮ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ದಿನಕ್ಕೆ ಹತ್ತು ತಾಸು ಗಾಡಿಯಲ್ಲೇ ಕೂರುವ ಅಣ್ಣನಿಗೆ ಇದು ಮೊದಲು ತಟ್ಟುವ ನಷ್ಟ.

ನನ್ನ ತಪ್ಪನ್ನೂ ಹೇಳುತ್ತೇನೆ. ಬಿ.ಎಸ್ಸಿ. ಓದುವಾಗ ನನ್ನ ಬೈಕಿನ ಸೈಲೆನ್ಸರ್ ಒಳಗಿನ ಕೊಳವೆ ತೆಗೆಸಿದ್ದೆ. ಭಾರೀ ಖುಷಿ. ಒಂದು ತಿಂಗಳಾದ ಮೇಲೆ ಎದುರು ಮನೆಯ ಅವ್ವ ಬಂದು, "ತಮ್ಮಾ, ನೀ ಬಂದಾಗೆಲ್ಲ ಕೂಸು ಬೆಚ್ಚಿ ಎದ್ದು ಅಳ್ತದಪ್ಪಾ" ಅಂದರು. ಬೈದಿದ್ದರೆ ವಾದ ಮಾಡುತ್ತಿದ್ದೆನೇನೋ. ಬೈಯಲಿಲ್ಲ. ಮರುದಿನವೇ ಹಳೆಯದನ್ನು ಹಾಕಿಸಿದೆ. ವೇಗದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಆಗಲೂ, ಈಗಲೂ.

6. ಪೈಪಿನ ಜೊತೆ ಹೋಗುವ ಇನ್ನೊಂದು ಡಬ್ಬಿ

ಪೈಪು ಬದಲಿಸುವಾಗ ಕೆಲವರು ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಿತ್ತು ಹಾಕುತ್ತಾರೆ. ಅದರೊಳಗೆ ಜೇನುಗೂಡಿನಂಥ ಸಣ್ಣ ರಂಧ್ರಗಳು, ಅವುಗಳ ಮೇಲೆ ಪ್ಲಾಟಿನಂ, ಪಲೇಡಿಯಂನಂಥ ಲೋಹದ ತೆಳು ಲೇಪ. ಈ ಲೋಹಗಳು ಕ್ರಿಯಾವರ್ಧಕ. ತಾವು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುತ್ತವೆ:

2 ಅಣು ಕಾರ್ಬನ್ ಮಾನಾಕ್ಸೈಡ್ + 1 ಅಣು ಆಕ್ಸಿಜನ್ → 2 ಅಣು ಕಾರ್ಬನ್ ಡೈಆಕ್ಸೈಡ್

ಇದು ಯಾವ ಬಗೆಯ ಕ್ರಿಯೆ? ಹೌದು, ಉತ್ಕರ್ಷಣ. ಕಾರ್ಬನ್ ಮಾನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್ ಜೊತೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರೂ ಸೇರಿದೆ. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿಯಲ್ಲಿ ಸುಟ್ಟುಹಾಕುತ್ತದೆ. ಇವನ್ನು ತೆಗೆದರೆ ಆ ಮಸಿ, ಆ ಅನಿಲ ಬಸ್‌ಸ್ಟ್ಯಾಂಡಿನಲ್ಲಿ ನಿಂತ ನಮ್ಮ ಎದೆಗೇ.

7. ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಸಿಎನ್‌ಜಿ ಕಿಟ್‌ನಂಥ ಬದಲಾವಣೆಗೆ ಅನುಮತಿ ಪಡೆದು ಮಾಡಿಸುವ ದಾರಿ ಇದೆ. ನಿಯಮ ಮೀರಿ ಬದಲಿಸಿದ ಮಾಲೀಕರಿಗೆ 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ, ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಬೇರೆ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿ 40.

ಇನ್ನೊಂದು ಮಾತು ನಿಮಗೇ. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ತಂದೆತಾಯಿ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಣ್ಣ "ಒಂದು ರೌಂಡ್ ಹೊಡೀ" ಅಂದರೂ ಬೇಡ ಅನ್ನಿ.

8. ಹಾಗಾದರೆ ನಲವತ್ತು ಸಾವಿರ?

ತರಗತಿಯಲ್ಲಿ ನಾವು ಬರೆದ ಪಟ್ಟಿ ಇದು. ಧೂಳಿನ ಊರಾದ್ದರಿಂದ ಕಂಪನಿ ಹೇಳಿದ್ದಕ್ಕಿಂತ ಮೊದಲೇ ಏರ್ ಫಿಲ್ಟರ್ ಬದಲಿಸುವುದು. ಸರಿಯಾದ ಎಂಜಿನ್ ಆಯಿಲ್, ಹೊತ್ತಿಗೆ ಸರಿಯಾಗಿ. ಟರ್ಬೋ ದಂಡ ತೇಲುವುದೇ ಆ ಎಣ್ಣೆಯ ಮೇಲೆ. ಇಂಟರ್‌ಕೂಲರಿನ ರಬ್ಬರ್ ಪೈಪು ಸೀಳಿದೆಯಾ ನೋಡಿಸುವುದು. ಪಿಕಪ್ ಬಿದ್ದ ಎಷ್ಟೋ ಹಳೆಯ ಟರ್ಬೋ ಗಾಡಿಗಳ ರೋಗ ಇದೇ. ಟೈರು, ಬ್ರೇಕು. ಹೈವೇಯಲ್ಲಿ ಜೋರಾಗಿ ಓಡಿಸಿ ಬಂದ ಮೇಲೆ ಒಂದು ನಿಮಿಷ ಎಂಜಿನ್ ಚಾಲೂ ಇಟ್ಟು ಆಮೇಲೆ ಆಫ್ ಮಾಡುವುದು. ಇಲ್ಲದಿದ್ದರೆ ಬಿಸಿ ಟರ್ಬೋದಲ್ಲಿ ಎಣ್ಣೆ ನಿಂತು ಕರಕಲಾಗುತ್ತದೆ. ಈ ಕೊನೆಯದಕ್ಕೆ ಪೈಸೆ ಖರ್ಚಿಲ್ಲ.

ಹುಡುಗ ನೋಟ್‌ಬುಕ್ ಮನೆಗೆ ಒಯ್ದ. ವಾರ ಬಿಟ್ಟು ಕೇಳಿದೆ. "ಅಣ್ಣ ಏರ್ ಫಿಲ್ಟರ್ ಕಂಪನೀದೇ ಹೊಸಾದು ಹಾಕಿಸ್ಯಾನ್ರಿ. ಒಂದು ರಬ್ಬರ್ ಪೈಪ್ ಸೀಳಿತ್ತಂತ, ಅದನ್ನೂ ಬದಲಿಸ್ಯಾರ. ದೊಡ್ಡ ಪೈಪಿನ ಆಸೆ ಇನ್ನೂ ಬಿಟ್ಟಿಲ್ರಿ" ಅಂದ. ಇರಲಿ. ದುಡ್ಡು ಇನ್ನೂ ಮನೆಯಲ್ಲೇ ಇದೆ, ಲೆಕ್ಕವೂ ಅವನ ಹತ್ತಿರ ಇದೆ.

ಗಾಡಿಗಳ ಮೇಲೆ ನಿಮಗೆ ಇಷ್ಟು ಪ್ರೀತಿ ಇದ್ದರೆ ಹತ್ತನೇ ತರಗತಿ ಆದ ಮೇಲೆ ಐಟಿಐಯಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್, ಡೀಸೆಲ್ ಮೆಕ್ಯಾನಿಕ್ ತರಬೇತಿಗಳಿವೆ. ಪೈಪು ಬದಲಿಸುವವರು ಬಹಳ ಜನ ಸಿಗುತ್ತಾರೆ. ಯಾಕೆ ಬದಲಿಸಬೇಕು, ಯಾಕೆ ಬೇಡ ಅಂತ ಲೆಕ್ಕ ಹಾಕಿ ಹೇಳುವ ಮೆಕ್ಯಾನಿಕ್ ನಮ್ಮೂರಿಗೆ ಬೇಕು.

ಅಭ್ಯಾಸ

1. 2 ಲೀಟರ್ ಗಾತ್ರದ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗಿದರೆ, ಟರ್ಬೋ ಇಲ್ಲದೆ ಎಷ್ಟು ಲೀಟರ್ ಗಾಳಿ ಎಳೆಯುತ್ತದೆ?
2. ಡಿಸೆಂಬರಿನ ಬೆಳಗ್ಗೆ 15 ಡಿಗ್ರಿ, ಮೇ ಮಧ್ಯಾಹ್ನ 42 ಡಿಗ್ರಿ. ಒತ್ತಡ ಒಂದೇ ಇದ್ದರೆ ಗಾಳಿಯ ಸಾಂದ್ರತೆ ಶೇಕಡಾ ಎಷ್ಟು ಕಡಿಮೆಯಾಗುತ್ತದೆ? (ಕೆಲ್ವಿನ್‌ಗೆ ಬದಲಿಸಲು ಮರೆಯಬೇಡಿ.)
3. ಪ್ರವಾಹದಲ್ಲಿ ಜುರಾಲಾ ಟರ್ಬೈನ್ ನಿಲ್ಲುವುದಕ್ಕೂ, ಕಸ ಕಟ್ಟಿದ ಸೈಲೆನ್ಸರಿನಿಂದ ಟರ್ಬೋ ಸೋಮಾರಿಯಾಗುವುದಕ್ಕೂ ಇರುವ ಹೋಲಿಕೆಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ.
4. ನಿಮ್ಮ ಶಾಲೆಯ ಗೇಟಿನಲ್ಲಿ ಹತ್ತು ನಿಮಿಷ ನಿಂತು, ಫೋನಿನ ಶಬ್ದ ಅಳೆಯುವ ಆ್ಯಪ್‌ನಿಂದ ಅತಿ ಕಡಿಮೆ ಮತ್ತು ಅತಿ ಹೆಚ್ಚು ಶಬ್ದ ಗುರುತಿಸಿ. ಎಷ್ಟು ಹೊತ್ತು 50 ಡೆಸಿಬೆಲ್ ದಾಟಿತ್ತು ಎಂದು ಪಟ್ಟಿ ಮಾಡಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.